ಲಿನಕ್ಸ್ ಜೊತೆ ದಿನವೂ ನೆಮ್ಮದಿಯಾಗಿರಲು: ಮೊದಲು ವಾಪಸ್ ಬರುವ ದಾರಿ ಮಾಡಿಕೊಳ್ಳಿ

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡು ಎರಡೇ ತಿಂಗಳಲ್ಲಿ ಬಿಟ್ಟುಬಿಟ್ಟ ಕೆಲವರು ನನಗೆ ಗೊತ್ತು. ಅವರಲ್ಲಿ ಯಾರೂ ಕಲಿಯೋದು ಕಷ್ಟ ಅಂತ ಬಿಡಲಿಲ್ಲ. ಒಂದು ದಿನ ಏನೋ ಕೆಟ್ಟಿತು, ನಿನ್ನೆ ಇದ್ದ ಹಾಗೆ ಮಾಡೋದು ಹೇಗೆ ಅಂತ ಗೊತ್ತಾಗಲಿಲ್ಲ. ಕೆಲಸ ಅರ್ಜೆಂಟಾಗಿತ್ತು, ಹಳೆಯದಕ್ಕೇ ಹೋದರು. ಅವರದ್ದೇನೂ ತಪ್ಪಲ್ಲ. ಮೊದಲ ದಿನವೇ ಹೇಳಿಕೊಡಬೇಕಾದ್ದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಹಾಗಾಗಿ ಇಲ್ಲಿ ಥೀಮ್, ಐಕಾನ್, ವಾಲ್‌ಪೇಪರ್ ವಿಷಯ ಇಲ್ಲ. ಪ್ರತಿ ಹಂತದಲ್ಲೂ ಮೊದಲು ಹಿಂದಕ್ಕೆ ಬರುವ ದಾರಿ ಮಾಡಿಕೊಳ್ಳೋಣ, ಆಮೇಲೆ ಒಂದು ಹೆಜ್ಜೆ ಮುಂದೆ ಇಡೋಣ. ಇಷ್ಟು ರೂಢಿಯಾದರೆ ಆಮೇಲೆ ಏನು ಬೇಕಾದರೂ ಧೈರ್ಯವಾಗಿ ಪ್ರಯೋಗ ಮಾಡಬಹುದು.

ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿಯಲ್ಲಿ) ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡ ಅಕ್ಷರ, ಸಣ್ಣ ಅಕ್ಷರ ಲಿನಕ್ಸ್‌ಗೆ ಬೇರೆ ಬೇರೆ. ಫೈಲ್ ಹೆಸರಿಗೂ ಇದೇ ಲೆಕ್ಕ.

ಯಾವ ಡಿಸ್ಟ್ರೋ?

ಡಿಸ್ಟ್ರೋ ಅಂದರೆ ಬೇಕಾದ ಸಾಫ್ಟ್‌ವೇರ್ ಎಲ್ಲ ಸೇರಿಸಿ ಕೊಡುವ ಲಿನಕ್ಸ್‌ನ ಒಂದೊಂದು ಬಗೆ. ಯಾವುದು ಎಂಬ ಪ್ರಶ್ನೆ ಮೇಲೆ ಜನ ವಾರಗಟ್ಟಲೆ ಕಳೆಯುತ್ತಾರೆ. ಅಷ್ಟು ಬೇಕಿಲ್ಲ. ದಿನದ ಕೆಲಸಕ್ಕೆ ಮೊದಲ ಸಲ ಹಾಕುತ್ತಿದ್ದರೆ ಲಿನಕ್ಸ್ ಮಿಂಟ್, ಇಲ್ಲವೇ ಉಬುಂಟುವಿನ ಎಲ್‌ಟಿಎಸ್ (ಹೆಚ್ಚು ಕಾಲ ಅಪ್‌ಡೇಟ್ ಸಿಗುವ) ಆವೃತ್ತಿ ತೆಗೆದುಕೊಳ್ಳಿ. ಎಲ್‌ಟಿಎಸ್ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, 5 ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಮಿಂಟ್‌ನ ಮುಖ್ಯ ಆವೃತ್ತಿ ಇದೇ ಎಲ್‌ಟಿಎಸ್ ಮೇಲೆ ಕಟ್ಟಿದ್ದು. ಫೆಡೋರಾ ಕೂಡ ಒಳ್ಳೆಯದೇ, ಆದರೆ ಅದರ ಒಂದು ಆವೃತ್ತಿಗೆ ಸುಮಾರು 13 ತಿಂಗಳು ಮಾತ್ರ ಆಯುಷ್ಯ. ವರ್ಷಕ್ಕೊಮ್ಮೆ ದೊಡ್ಡ ಬದಲಾವಣೆಗೆ ರೆಡಿ ಇದ್ದರೆ ಮಾತ್ರ ಅದು.

ಹೊಸದು ಬೇಗ ಸಿಗಲಿ ಅನ್ನುವ ಆಸೆ ನನಗೂ ಇದೆ. ಆದರೆ ದಿನಾ ಅನ್ನ ದುಡಿಯುವ ಕಂಪ್ಯೂಟರ್‌ನಲ್ಲಿ ಸ್ಥಿರ ಆವೃತ್ತಿಯೇ ಇರಲಿ ಅಂತ ನಾನು ಹೇಳಲು ಕಾರಣ ಇದೆ. 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಡೆವಲಪರ್ ಒಂದು ವಿಚಿತ್ರ ಗಮನಿಸಿದರು. ಡೆಬಿಯನ್ ಎಂಬ ಡಿಸ್ಟ್ರೋದ ಪ್ರಯೋಗದ ಆವೃತ್ತಿಯಲ್ಲಿ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್ ಒಳಗೆ ಹೋಗುವ ವ್ಯವಸ್ಥೆ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನ ಆಗುತ್ತಿತ್ತು. ಬೆನ್ನು ಹತ್ತಿ ನೋಡಿದರೆ, ಎಕ್ಸ್‌ಝಡ್ ಯುಟಿಲ್ಸ್ ಎಂಬ ಸಣ್ಣ ಸಾಫ್ಟ್‌ವೇರ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕಂತಲೇ ಕಳ್ಳದಾರಿ ಇಟ್ಟಿದ್ದರು. ಅದು ಪ್ರಯೋಗದ ಆವೃತ್ತಿಗಳಿಗೆ ತಲುಪಿತ್ತು. ಡೆಬಿಯನ್‌ನ ಸ್ಥಿರ ಆವೃತ್ತಿಗೆ, ಉಬುಂಟು ಎಲ್‌ಟಿಎಸ್ ಬಳಸುವವರಿಗೆ ತಲುಪುವ ಮೊದಲೇ ಸಿಕ್ಕಿಬಿತ್ತು. ಅರ್ಧ ಸೆಕೆಂಡ್ ಯಾಕೆ ಜಾಸ್ತಿ ಆಯ್ತು ಅಂತ ಒಬ್ಬರು ಕೇಳಿಕೊಂಡರು, ಒಳಗೆ ಇಣುಕಿ ನೋಡಲು ಸೋರ್ಸ್ ಕೋಡ್ (ಸಾಫ್ಟ್‌ವೇರ್‌ನ ಮೂಲ ಬರಹ) ಎಲ್ಲರಿಗೂ ತೆರೆದಿತ್ತು. ಓಪನ್ ಸೋರ್ಸ್ ಮೇಲೆ ನನಗೆ ಇರುವ ನಂಬಿಕೆಗೆ ಈ ಘಟನೆ ದೊಡ್ಡ ಆಧಾರ.

ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ನೋಡಿ

ಡಿಸ್ಟ್ರೋದ ಅಧಿಕೃತ ಜಾಲತಾಣದಿಂದ ಐಎಸ್‌ಒ ಫೈಲ್ (ಇಡೀ ಡಿಸ್ಟ್ರೋ ತುಂಬಿದ ಒಂದೇ ಫೈಲ್) ಇಳಿಸಿಕೊಳ್ಳಿ. ಅದರ ಪಕ್ಕದಲ್ಲೇ ಎಸ್‌ಎಚ್‌ಎ256 ಅಂತ 64 ಅಕ್ಷರಗಳ ಒಂದು ಸಾಲು ಕೊಟ್ಟಿರುತ್ತಾರೆ. ಇಳಿಸಿಕೊಂಡ ಫೈಲ್‌ನ ಸಾಲನ್ನೂ ಲೆಕ್ಕ ಹಾಕಿ ಎರಡನ್ನೂ ಹೋಲಿಸಿ. ಲಿನಕ್ಸ್‌ನಲ್ಲಾದರೆ ಎಸ್‌ಎಚ್‌ಎ256ಸಮ್ ಎಂಬ ಕಮಾಂಡ್ ಮುಂದೆ ಫೈಲ್ ಹೆಸರು ಬರೆದರೆ ಸಾಕು. ಒಂದು ಅಕ್ಷರ ಬೇರೆ ಬಂದರೂ ಮತ್ತೆ ಇಳಿಸಿ. ಅರ್ಧಂಬರ್ಧ ಇಳಿದ ಫೈಲ್‌ನಿಂದ ಇನ್‌ಸ್ಟಾಲ್ ಮಾಡಿ, ನಡುವೆ ನಿಂತುಹೋಗಿ, ಕಂಪ್ಯೂಟರ್‌ನ ಮೇಲೆ ತಪ್ಪು ಹೊರಿಸುವುದು ತುಂಬಾ ಸಾಮಾನ್ಯ.

8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ತೆಗೆದುಕೊಳ್ಳಿ. ಬಲೇನಾ ಎಚರ್ ಅಥವಾ ವೆಂಟಾಯ್ ಎಂಬ ಸಾಫ್ಟ್‌ವೇರ್ ಬಳಸಿ ಅದರಿಂದ ಕಂಪ್ಯೂಟರ್ ಬೂಟ್ (ಶುರು) ಆಗುವ ಹಾಗೆ ಮಾಡಿ. ಅದರಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಆಮೇಲೆ ಕಂಪ್ಯೂಟರ್ ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಓಡಿಸಿ. ಹಾರ್ಡ್ ಡಿಸ್ಕ್ ಮೇಲೆ ಇನ್ನೂ ಏನೂ ಬರೆದಿರುವುದಿಲ್ಲ.

ಈ ಲೈವ್ ಹಂತದಲ್ಲಿ ಅವಸರ ಬೇಡ. ವೈಫೈ ಸಿಗುತ್ತಾ? ಶಬ್ದ ಬರುತ್ತಾ, ಮೈಕ್ ಕೆಲಸ ಮಾಡುತ್ತಾ? ಕೀಲಿಯಿಂದ ಬೆಳಕು ಹೆಚ್ಚು ಕಡಿಮೆ ಆಗುತ್ತಾ? ಕ್ಯಾಮೆರಾ? ಹೊರಗಿನ ಮಾನಿಟರ್? ಲ್ಯಾಪ್‌ಟಾಪ್ ಮುಚ್ಚಿ ಐದು ನಿಮಿಷ ಬಿಟ್ಟು ತೆರೆದರೆ ಎಚ್ಚರ ಆಗುತ್ತಾ? ಇದೊಂದನ್ನು ಎಲ್ಲರೂ ಮರೆಯುತ್ತಾರೆ, ಆಮೇಲೆ ದಿನಾ ಕಾಡುವುದೂ ಇದೇ. ಇಲ್ಲಿ ಸಿಕ್ಕ ತೊಂದರೆಗೆ ಪರಿಹಾರ ಹುಡುಕಿಕೊಂಡು ಆಮೇಲೆ ಮುಂದೆ ಹೋಗಿ. ಈ ಪೆನ್‌ಡ್ರೈವ್ ಅನ್ನು ಅಳಿಸಬೇಡಿ. ಕಂಪ್ಯೂಟರ್ ಬೂಟ್ ಆಗದ ದಿನ ಒಳಗೆ ಹೋಗಲು ಅದೇ ಬಾಗಿಲು.

ಡಿಸ್ಕ್ ಹಂಚುವ ಕೆಲಸ

ಇನ್‌ಸ್ಟಾಲ್ ಬಟನ್ ಒತ್ತುವ ಮೊದಲು ನಿಮ್ಮ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಆ ಡಿಸ್ಕ್ ಅನ್ನು ಕಂಪ್ಯೂಟರ್‌ನಿಂದ ತೆಗೆದು ಪಕ್ಕಕ್ಕಿಡಿ. ಜೋಡಿಸಿಕೊಂಡೇ ಇದ್ದರೆ ಅದನ್ನೇ ಫಾರ್ಮ್ಯಾಟ್ ಮಾಡಿಬಿಡುವ ಅಪಾಯ ಇದೆ. ಇನ್‌ಸ್ಟಾಲರ್‌ನಲ್ಲಿ ಡಿಸ್ಕ್‌ಗಳ ಹೆಸರೆಲ್ಲ ಒಂದೇ ಥರ ಕಾಣುತ್ತವೆ.

ವಿಂಡೋಸ್ ಕೂಡ ಪಕ್ಕದಲ್ಲಿ ಉಳಿಯಬೇಕು ಅಂದರೆ ಎರಡು ಕೆಲಸ. ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಯಲ್ಲಿ ಇರುತ್ತದೆ. ಆಗ ಆ ಭಾಗದಲ್ಲಿರುವ ಫೈಲ್‌ಗಳನ್ನು ಲಿನಕ್ಸ್‌ನಿಂದ ಓದಬಹುದು, ಬರೆಯಲು ಆಗುವುದಿಲ್ಲ. ಎರಡರ ನಡುವೆ ಹೋಗಿ ಬಂದಾಗ ಗಡಿಯಾರ ಕೆಲವು ಗಂಟೆ ಆಚೀಚೆ ಆದರೆ ಗಾಬರಿ ಬೇಡ. ಕಂಪ್ಯೂಟರ್‌ನ ಗಡಿಯಾರವನ್ನು ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಅಂತ ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯ ಅಂತ ಓದುತ್ತದೆ, ಅಷ್ಟೇ.

ಈಗ ಮುಖ್ಯ ತೀರ್ಮಾನ. ಲಿನಕ್ಸ್‌ನಲ್ಲಿ ನಿಮ್ಮ ಫೈಲ್‌ಗಳು, ನಿಮ್ಮ ಸೆಟ್ಟಿಂಗ್‌ಗಳು ಎಲ್ಲ ಹೋಮ್ ಎಂಬ ಫೋಲ್ಡರ್ ಒಳಗೆ ಇರುತ್ತವೆ. ಅದಕ್ಕೆ ಡಿಸ್ಕ್‌ನಲ್ಲಿ ಬೇರೆಯೇ ಭಾಗ ಕೊಟ್ಟರೆ, ಮುಂದೆ ಸಿಸ್ಟಮ್ ಕೆಟ್ಟಾಗ ಸಿಸ್ಟಮ್ ಭಾಗ ಮಾತ್ರ ಅಳಿಸಿ ಹೊಸದಾಗಿ ಹಾಕಬಹುದು. ನಿಮ್ಮ ಫೈಲ್ ಹಾಗೇ ಇರುತ್ತವೆ. ಆಗ ಹೋಮ್ ಭಾಗದ ಎದುರು ಫಾರ್ಮ್ಯಾಟ್ ಟಿಕ್ ಇಲ್ಲ ಅಂತ ಎರಡು ಸಲ ನೋಡಿ, ಮೊದಲಿನ ಬಳಕೆದಾರ ಹೆಸರನ್ನೇ ಕೊಡಿ. ಸಿಸ್ಟಮ್ ಭಾಗಕ್ಕೆ ನಾನು 80ರಿಂದ 100 ಜಿಬಿ ಇಡುತ್ತೇನೆ. ಕಡಿಮೆಯಲ್ಲೂ ನಡೆಯುತ್ತದೆ, ಆದರೆ ಮುಂದೆ ಹೇಳುವ ಸ್ನ್ಯಾಪ್‌ಶಾಟ್‌ಗೆ (ಸಿಸ್ಟಮ್‌ನ ಪ್ರತಿಗೆ) ಜಾಗ ಬೇಕು.

ಇನ್ನೊಂದು ಆಯ್ಕೆ ಪೂರ್ತಿ ಡಿಸ್ಕ್ ಎನ್‌ಕ್ರಿಪ್ಷನ್, ಅಂದರೆ ಪಾಸ್‌ವರ್ಡ್ ಇಲ್ಲದೆ ಡಿಸ್ಕ್ ಓದಲಾಗದ ಹಾಗೆ ಮಾಡುವುದು. ಇನ್‌ಸ್ಟಾಲರ್‌ನಲ್ಲಿ ಒಂದು ಟಿಕ್ ಹಾಕಿದರೆ ಆಯ್ತು. ಬೇರೆ ಹೋಮ್, ಎನ್‌ಕ್ರಿಪ್ಷನ್ ಎರಡೂ ಒಟ್ಟಿಗೆ ಬೇಕು ಅಂದರೆ ಸಾಮಾನ್ಯವಾಗಿ ಕೈಯಾರೆ ಮಾಡಬೇಕಾಗುತ್ತದೆ, ಮೊದಲ ಸಲ ಅದು ಬೇಡ. ಹೊರಗೆ ಹೊತ್ತು ತಿರುಗುವ ಲ್ಯಾಪ್‌ಟಾಪ್ ಆದರೆ ಎನ್‌ಕ್ರಿಪ್ಷನ್ ಆಯ್ದುಕೊಳ್ಳಿ. ಒಂದೇ ಕಡೆ ಇರುವ ಡೆಸ್ಕ್‌ಟಾಪ್ ಆದರೆ ಬೇರೆ ಹೋಮ್. ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಮಾತ್ರ ಕಾಗದದ ಮೇಲೆ ಬರೆದು ಭದ್ರವಾಗಿಡಿ. ಈ ಇಡೀ ಲೇಖನದಲ್ಲಿ ವಾಪಸ್ ದಾರಿ ಇಲ್ಲದ ಜಾಗ ಇದೊಂದೇ. ಆ ಪಾಸ್‌ವರ್ಡ್ ಮರೆತರೆ ಡಿಸ್ಕ್‌ನಲ್ಲಿರುವುದನ್ನು ಯಾರೂ ತೆಗೆದುಕೊಡಲಾರರು.

ಮೊದಲ ದಿನದ ಅರ್ಧ ಗಂಟೆ

ಇನ್‌ಸ್ಟಾಲ್ ಆಯ್ತು, ಡೆಸ್ಕ್‌ಟಾಪ್ ಕಂಡಿತು. ಏನನ್ನೂ ಮುಟ್ಟುವ ಮೊದಲು ಪೂರ್ತಿ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ. ಆಮೇಲೆ ಟೈಮ್‌ಶಿಫ್ಟ್ ತೆರೆಯಿರಿ. ಮಿಂಟ್‌ನಲ್ಲಿ ಅದು ಮೊದಲೇ ಇರುತ್ತದೆ, ಉಬುಂಟುವಿನಲ್ಲಿ ಹಾಕಿಕೊಳ್ಳಬೇಕು. ಅದು ಸಿಸ್ಟಮ್ ಈಗ ಹೇಗಿದೆಯೋ ಹಾಗೇ ಒಂದು ಪ್ರತಿ ತೆಗೆದಿಡುತ್ತದೆ. ಯಾವ ವಿಧಾನ ಅಂತ ಕೇಳಿದಾಗ ಆರ್‌ಸಿಂಕ್ ಅಂತ ಆಯ್ಕೆ ಮಾಡಿ. ದಿನದ ಸ್ನ್ಯಾಪ್‌ಶಾಟ್ ಮೂರು, ವಾರದ್ದು ಎರಡು ಇಟ್ಟುಕೊಳ್ಳಲು ಹೇಳಿ. ಮೊದಲನೆಯದನ್ನು ಈಗಲೇ ಕೈಯಾರೆ ತೆಗೆಯಿರಿ. ಪಕ್ಕದ ಟಿಪ್ಪಣಿ ಜಾಗದಲ್ಲಿ "ಹೊಸದು, ಎಲ್ಲ ಸರಿ" ಅಂತ ಬರೆಯಿರಿ.

ಟೈಮ್‌ಶಿಫ್ಟ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ತುಂಬಾ ಇದೆ. ಅದು ನಿಮ್ಮ ಫೋಟೋ, ಡಾಕ್ಯುಮೆಂಟ್‌ಗಳ ಬ್ಯಾಕಪ್ ಅಲ್ಲ. ಹೋಮ್ ಒಳಗಿನ ಫೈಲ್‌ಗಳನ್ನು ಅದು ಬೇಕಂತಲೇ ಬಿಡುತ್ತದೆ. ಸಿಸ್ಟಮ್ ಅನ್ನು ಹಿಂದಿನ ವಾರಕ್ಕೆ ಒಯ್ದರೂ ನೀವು ನಿನ್ನೆ ಬರೆದ ಪತ್ರ ಹಾಗೇ ಇರಬೇಕು, ಅಲ್ವಾ? ಅದಕ್ಕೇ ಹೀಗೆ. ನಿಮ್ಮ ಫೈಲ್‌ಗಳಿಗೆ ಬೇರೆ ವ್ಯವಸ್ಥೆ ಬೇಕು, ಮುಂದೆ ಬರುತ್ತೇನೆ.

ಸಾಫ್ಟ್‌ವೇರ್ ಎಲ್ಲಿಂದ ತರಬೇಕು

ಇದಕ್ಕೆ ಒಂದು ಸಾಲು ಇದೆ, ಮೇಲಿನಿಂದ ಕೆಳಗೆ ಬನ್ನಿ. ಮೊದಲು ಡಿಸ್ಟ್ರೋದ ಸ್ವಂತ ಭಂಡಾರದಲ್ಲಿ ನೋಡಿ. ಅಲ್ಲಿರುವುದನ್ನು ಡಿಸ್ಟ್ರೋದವರೇ ಕಟ್ಟಿ, ಡಿಜಿಟಲ್ ಸಹಿ ಹಾಕಿ ಕೊಟ್ಟಿರುತ್ತಾರೆ. ಅಪ್‌ಡೇಟ್ ಕೂಡ ತಾನಾಗಿ ಬರುತ್ತದೆ. ಅಲ್ಲಿ ಇಲ್ಲ, ಅಥವಾ ತೀರಾ ಹಳೆಯದಿದೆ ಅಂದರೆ ಫ್ಲ್ಯಾಟ್‌ಹಬ್ ಎಂಬ ಜಾಲತಾಣದಿಂದ ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ ತನ್ನಿ. ಅದು ಸಿಸ್ಟಮ್‌ನ ಉಳಿದ ಭಾಗಕ್ಕೆ ಕೈ ಹಾಕುವುದಿಲ್ಲ, ಬೇಡವಾದರೆ ತೆಗೆಯುವುದೂ ಸುಲಭ. ಅದಕ್ಕೆ ಡಿಸ್ಕ್ ಜಾಗ ಮಾತ್ರ ಸ್ವಲ್ಪ ಜಾಸ್ತಿ ಬೇಕು.

ಮೂರನೆಯದು ಸಾಫ್ಟ್‌ವೇರ್ ಮಾಡಿದವರೇ ಕೊಡುವ ಡೆಬ್ ಫೈಲ್ (ಇನ್‌ಸ್ಟಾಲ್ ಮಾಡುವ ಫೈಲ್) ಅಥವಾ ಬೇರೆಯವರ ಭಂಡಾರ. ಬೇರೆಯವರ ಭಂಡಾರ ಸೇರಿಸುವಾಗ ಅವರಿಗೆ ನಿಮ್ಮ ಸಿಸ್ಟಮ್‌ನ ಯಾವ ಭಾಗವನ್ನಾದರೂ ಬದಲಿಸುವ ಅವಕಾಶ ಕೊಡುತ್ತಿದ್ದೀರಿ ಅಂತ ತಿಳಿದು ಸೇರಿಸಿ. ಮುಂದಿನ ದೊಡ್ಡ ಆವೃತ್ತಿಗೆ ಹೋಗುವಾಗ ತೊಡಕಾಗುವುದು ಹೆಚ್ಚಾಗಿ ಇಂಥವೇ. ಕಡೆಯದು, ಎಲ್ಲೋ ಸಿಕ್ಕ ಒಂದು ಸಾಲಿನ ಕಮಾಂಡ್ ಅನ್ನು ಹಾಗೇ ಟರ್ಮಿನಲ್‌ಗೆ ಅಂಟಿಸುವುದು. ಸುಡೊ ಅಂದರೆ ಸಿಸ್ಟಮ್ ಬದಲಿಸುವ ಪೂರ್ತಿ ಅಧಿಕಾರ. ಹಾಗೆ ಶುರುವಾಗುವ ಸಾಲು ಏನು ಮಾಡುತ್ತದೆ ಅಂತ ಗೊತ್ತಿಲ್ಲದಿದ್ದರೆ ಎಂಟರ್ ಒತ್ತಬೇಡಿ. ಮ್ಯಾನ್ ಅಂತ ಬರೆದು ಮುಂದೆ ಕಮಾಂಡ್ ಹೆಸರು ಹಾಕಿದರೆ ಅದರ ಕೈಪಿಡಿ ಅಲ್ಲೇ ತೆರೆಯುತ್ತದೆ.

ಅಪ್‌ಡೇಟ್ ಮಾಡುವ ರೀತಿ

ವಾರಕ್ಕೊಂದು ದಿನ ಇಟ್ಟುಕೊಳ್ಳಿ. ಕೆಲಸ ಮುಗಿದ ಹೊತ್ತು, ಚಾರ್ಜರ್ ಹಾಕಿರಬೇಕು. ನಾಳೆ ಬೆಳಗ್ಗೆ ಮುಖ್ಯ ಕೆಲಸ ಇದ್ದರೆ ಇವತ್ತು ರಾತ್ರಿ ಬೇಡ. ಮೊದಲು ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್. ಆಮೇಲೆ ಸುಡೊ ಆಪ್ಟ್ ಅಪ್‌ಡೇಟ್, ಅದು ಮುಗಿದ ಮೇಲೆ ಸುಡೊ ಆಪ್ಟ್ ಅಪ್‌ಗ್ರೇಡ್. ಮೊದಲನೆಯದು ಪಟ್ಟಿಯನ್ನಷ್ಟೇ ಹೊಸದು ಮಾಡುತ್ತದೆ, ಎರಡನೆಯದು ನಿಜವಾಗಿ ಹಾಕುತ್ತದೆ. ಮೌಸ್‌ನಿಂದ ಮಾಡುವ ಅಪ್‌ಡೇಟ್ ಮ್ಯಾನೇಜರ್ ಕೂಡ ಆಗುತ್ತದೆ, ತಪ್ಪಿಲ್ಲ.

ಟರ್ಮಿನಲ್‌ನಲ್ಲಿ ಏನನ್ನಾದರೂ ಹಾಕುವಾಗ "ಮುಂದುವರಿಸಲಾ?" ಅಂತ ಕೇಳುತ್ತದಲ್ಲ, ಅಲ್ಲಿ ನಿಲ್ಲಿ. ಅದರ ಮೇಲಿನ ಸಾಲುಗಳನ್ನು ಓದಿ. ಯಾವ ಪ್ಯಾಕೇಜ್ (ಸಾಫ್ಟ್‌ವೇರ್ ಕಟ್ಟು) ಹೊಸದಾಗಿ ಬರುತ್ತದೆ, ಯಾವುದನ್ನು ತೆಗೆಯುತ್ತದೆ ಎಂಬುದು ಬೇರೆ ಬೇರೆ ಪಟ್ಟಿಯಲ್ಲಿ ಇರುತ್ತದೆ. ತೆಗೆಯುವ ಪಟ್ಟಿಯೇ ಮುಖ್ಯ. ಒಂದು ಸಣ್ಣ ಪ್ರೋಗ್ರಾಮ್ ಹಾಕಲು ಹೋದಾಗ ಆ ಪಟ್ಟಿಯಲ್ಲಿ ನಿಮ್ಮ ಡೆಸ್ಕ್‌ಟಾಪ್‌ನ ಹೆಸರೋ ಹತ್ತಾರು ಪರಿಚಯದ ಹೆಸರುಗಳೋ ಕಂಡರೆ ಬೇಡ ಅಂತ ಹೇಳಿ ಹೊರಗೆ ಬನ್ನಿ. ಐದು ಸೆಕೆಂಡಿನ ಈ ಓದು ನನ್ನನ್ನು ಹಲವು ಸಲ ಉಳಿಸಿದೆ.

ಒಂದು ದಿನ ವೈಫೈ ಮಾಯವಾದಾಗ

ಕೆಟ್ಟಾಗ ಹೇಗೆ ಯೋಚಿಸಬೇಕು ಅಂತ ಹೇಳಲು ನನ್ನದೇ ಒಂದು ಸಂಜೆ ಹೇಳುತ್ತೇನೆ. ಅಪ್‌ಡೇಟ್ ಮುಗಿಸಿ ರೀಸ್ಟಾರ್ಟ್ ಮಾಡಿದೆ. ಡೆಸ್ಕ್‌ಟಾಪ್ ಬಂತು, ಮೂಲೆಯಲ್ಲಿ ವೈಫೈ ಗುರುತೇ ಇಲ್ಲ. ಐಪಿ ಲಿಂಕ್ ಅಂತ ಟೈಪ್ ಮಾಡಿದೆ. ಪಟ್ಟಿಯಲ್ಲಿ ವೈಫೈ ಕಾರ್ಡ್‌ನ ಸಾಲು ಇಲ್ಲವೇ ಇಲ್ಲ. ಅಂದರೆ ಪಾಸ್‌ವರ್ಡ್ ತಪ್ಪಿದ್ದಲ್ಲ, ರೌಟರ್ ಕೆಟ್ಟಿದ್ದಲ್ಲ. ಕಾರ್ಡ್ ಇದೆ ಎಂಬುದೇ ಕರ್ನಲ್‌ಗೆ (ಯಂತ್ರದ ಭಾಗಗಳನ್ನು ನಡೆಸುವ ಲಿನಕ್ಸ್‌ನ ತಿರುಳಿಗೆ) ಗೊತ್ತಾಗುತ್ತಿಲ್ಲ.

ಏನು ಬದಲಾಯ್ತು? ಮೊದಲು ಕೇಳಬೇಕಾದ ಪ್ರಶ್ನೆ ಇದು. ಯುನೇಮ್ -ಆರ್ ಅಂತ ಕೇಳಿದೆ, ಕರ್ನಲ್ ಆವೃತ್ತಿ ಹೊಸದು ಅಂತ ಬಂತು. ಲಿನಕ್ಸ್ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿರುತ್ತದೆ. ಹೊಸ ಕರ್ನಲ್ ಹಾಕುವಾಗ ಹಳೆಯದನ್ನು ತಕ್ಷಣ ತೆಗೆಯುವುದಿಲ್ಲ. ರೀಸ್ಟಾರ್ಟ್ ಮಾಡಿ, ಕಂಪನಿಯ ಲೋಗೋ ಕಂಡ ಕೂಡಲೇ ಎಸ್ಕೇಪ್ ಕೀಲಿ ಒತ್ತಿದೆ. ತೀರಾ ಹಳೆಯ ಕಂಪ್ಯೂಟರ್‌ಗಳಲ್ಲಿ ಶಿಫ್ಟ್ ಹಿಡಿದಿರಬೇಕು. ಯಾವುದರಿಂದ ಬೂಟ್ ಆಗಬೇಕು ಅಂತ ಕೇಳುವ ಗ್ರಬ್ ಮೆನು ಬಂತು. ಅದರಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಎಂಬ ಸಾಲು. ಒಳಗೆ ಮೊದಲು ಹೊಸ ಕರ್ನಲ್, ಎರಡನೆಯದು ಅದರದೇ ರಿಕವರಿ ಮೋಡ್, ಮೂರನೆಯದು ಹಳೆಯ ಕರ್ನಲ್. ಮೂರನೆಯದಕ್ಕೆ ಎಂಟರ್ ಒತ್ತಿದೆ. ಡೆಸ್ಕ್‌ಟಾಪ್ ಬಂತು, ವೈಫೈ ಕೂಡ ಬಂತು.

ಈಗ ಕಾರಣ ಹುಡುಕಲು ನೆಮ್ಮದಿಯಾಗಿ ಕೂರಬಹುದು. ಇಂಟರ್ನೆಟ್ ಇದೆ, ಕೆಲಸ ನಿಂತಿಲ್ಲ. ಆ ವೈಫೈ ಕಾರ್ಡ್‌ನ ಡ್ರೈವರ್ (ಅದನ್ನು ನಡೆಸುವ ಸಾಫ್ಟ್‌ವೇರ್) ಕರ್ನಲ್ ಜೊತೆ ಬರುವಂಥದ್ದಲ್ಲ, ನಾನೇ ಬೇರೆಯಾಗಿ ಹಾಕಿದ್ದು. ಪ್ರತಿ ಹೊಸ ಕರ್ನಲ್‌ಗೂ ಅದನ್ನು ಹೊಸದಾಗಿ ಕಟ್ಟಬೇಕು, ಡಿಕೆಎಂಎಸ್ ಎಂಬ ವ್ಯವಸ್ಥೆ ಆ ಕೆಲಸ ಮಾಡುತ್ತದೆ. ಡಿಕೆಎಂಎಸ್ ಸ್ಟೇಟಸ್ ಅಂತ ಕೇಳಿದೆ. ಹಳೆಯ ಕರ್ನಲ್‌ನ ಎದುರು ಇನ್‌ಸ್ಟಾಲ್ಡ್ ಅಂತಿತ್ತು, ಹೊಸದರ ಸಾಲೇ ಇರಲಿಲ್ಲ. ಕಟ್ಟಲು ಬೇಕಾದ ಕರ್ನಲ್ ಹೆಡರ್ಸ್ ಪ್ಯಾಕೇಜ್ ಹೊಸ ಕರ್ನಲ್‌ಗೆ ಬಂದಿರಲಿಲ್ಲ. ಲಿನಕ್ಸ್-ಹೆಡರ್ಸ್-ಜೆನೆರಿಕ್ ಹಾಕಿದೆ. ಅದರ ಹಿಂದೆಯೇ ಡ್ರೈವರ್ ತಾನಾಗಿ ಕಟ್ಟಿಕೊಂಡಿತು. ಮತ್ತೆ ಹೊಸ ಕರ್ನಲ್‌ಗೆ ಹೋದೆ, ವೈಫೈ ಇತ್ತು.

ನಿಮ್ಮ ತೊಂದರೆ ಬೇರೆ ಇರಬಹುದು, ಹುಡುಕುವ ಕ್ರಮ ಇದೇ. ಏನು ಬದಲಾಯ್ತು ಅಂತ ನೋಡಿ. ಮೊದಲು ಕೆಲಸ ಮಾಡುವ ಸ್ಥಿತಿಗೆ ಬನ್ನಿ. ಆಮೇಲೆ ಕಾರಣ. ಯಾವ ಪ್ಯಾಕೇಜ್ ಯಾವತ್ತು ಬಂತು ಎಂಬುದು ವಾರ್ ಫೋಲ್ಡರ್‌ನ ಲಾಗ್ ಒಳಗೆ, ಆಪ್ಟ್ ಎಂಬಲ್ಲಿ ಹಿಸ್ಟರಿ ಎಂಬ ಫೈಲ್‌ನಲ್ಲಿ ದಿನಾಂಕ ಸಮೇತ ಇರುತ್ತದೆ. ಹಿಂದಿನ ಸಲ ಆನ್ ಆಗಿದ್ದಾಗ ಏನು ತಪ್ಪಾಯ್ತು ಅಂತ ನೋಡಲು ಜರ್ನಲ್‌ಸಿಟಿಎಲ್ -ಬಿ -1 -ಪಿ 3. ಅಲ್ಲಿ ಕಂಡ ಕೆಂಪು ಸಾಲೆಲ್ಲ ಅಪಾಯ ಅಲ್ಲ, ಚೆನ್ನಾಗಿರುವ ಕಂಪ್ಯೂಟರ್‌ನಲ್ಲೂ ಕೆಲವು ಇರುತ್ತವೆ. ತೊಂದರೆ ಆದ ಹೊತ್ತಿನ ಸಾಲು ಮಾತ್ರ ನೋಡಿ.

ಪರದೆ ಹೆಪ್ಪುಗಟ್ಟಿ ಮೌಸ್ ಕೂಡ ಅಲ್ಲಾಡದಿದ್ದರೆ ಪವರ್ ಬಟನ್ ಹಿಡಿಯುವ ಮೊದಲು ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆಯಲ್ಲಿ ಲಾಗಿನ್ ಕೇಳುತ್ತದೆ. ಒಳಗೆ ಹೋಗಿ ಟಾಪ್ ಅಂತ ಹೊಡೆದರೆ ಯಾವ ಪ್ರೋಗ್ರಾಮ್ ಎಲ್ಲವನ್ನೂ ನುಂಗುತ್ತಿದೆ ಅಂತ ಕಾಣುತ್ತದೆ, ಅದನ್ನಷ್ಟೇ ನಿಲ್ಲಿಸಬಹುದು. ಇನ್ನು ಲಾಗಿನ್ ಪಾಸ್‌ವರ್ಡ್ ಸರಿ ಇದ್ದೂ ಮತ್ತೆ ಮತ್ತೆ ಅದೇ ಪರದೆಗೆ ಬರುತ್ತಿದ್ದರೆ, ಡಿಸ್ಕ್ ತುಂಬಿದೆಯಾ ಅಂತ ಡಿಎಫ್ -ಎಚ್ ಕಮಾಂಡ್‌ನಿಂದ ಮೊದಲು ನೋಡಿ. ಟೈಮ್‌ಶಿಫ್ಟ್‌ನ ಹಳೆಯ ಸ್ನ್ಯಾಪ್‌ಶಾಟ್‌ಗಳೇ ಜಾಗ ತಿಂದಿರಬಹುದು. ಸುಡೊ ಆಪ್ಟ್ ಆಟೋರಿಮೂವ್ ಹಳೆಯ ಕರ್ನಲ್‌ಗಳನ್ನು ತೆಗೆದು ಸ್ವಲ್ಪ ಜಾಗ ಕೊಡುತ್ತದೆ.

ಏನೂ ಆಗಲಿಲ್ಲ, ಬೂಟ್ ಕೂಡ ಆಗುತ್ತಿಲ್ಲ ಅಂದರೆ ಆ ಪೆನ್‌ಡ್ರೈವ್ ಹಾಕಿ. ಲೈವ್ ಆಗಿ ಬೂಟ್ ಮಾಡಿ, ಟೈಮ್‌ಶಿಫ್ಟ್ ತೆರೆದು (ಉಬುಂಟು ಆದರೆ ಮೊದಲು ಹಾಕಿಕೊಂಡು) ನಿಮ್ಮ ಡಿಸ್ಕ್ ತೋರಿಸಿ, ಹಿಂದಿನ ಸ್ನ್ಯಾಪ್‌ಶಾಟ್‌ಗೆ ರಿಸ್ಟೋರ್ ಮಾಡಿ.

ನಿಮ್ಮ ಫೈಲ್‌ಗಳ ಬ್ಯಾಕಪ್

ಮೌಸ್‌ನಿಂದ ಮಾಡುವುದಾದರೆ ಡೇಜಾ ಡೂಪ್ ಸಾಕು. ಡಿಸ್ಕ್ ತೋರಿಸಿ, ವಾರಕ್ಕೊಮ್ಮೆ ಅಂತ ಹೇಳಿ, ಮುಗಿಯಿತು. ನನಗೆ ಆರ್‌ಸಿಂಕ್ ಇಷ್ಟ. 1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ ಹೊರತಂದ ಉಪಕರಣ ಇದು, ಟೈಮ್‌ಶಿಫ್ಟ್ ಒಳಗೆ ಕೆಲಸ ಮಾಡುವುದೂ ಇದೇ. ಬದಲಾದ ಫೈಲ್‌ಗಳನ್ನು ಮಾತ್ರ ಕಳಿಸುವುದರಿಂದ ಎರಡನೆಯ ಸಲದಿಂದ ಬೇಗ ಮುಗಿಯುತ್ತದೆ.

ಅದರಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಮೂಲ ಫೋಲ್ಡರ್ ಹೆಸರಿನ ಕೊನೆಯಲ್ಲಿ ಓರೆಗೆರೆ ಇದ್ದರೆ ಒಳಗಿನ ಫೈಲ್‌ಗಳು ಮಾತ್ರ ಹೋಗುತ್ತವೆ. ಇಲ್ಲದಿದ್ದರೆ ಫೋಲ್ಡರ್ ಸಮೇತ ಹೋಗುತ್ತದೆ. ಎರಡನೆಯದು ಡಿಲೀಟ್ ಎಂಬ ಆಯ್ಕೆ. ಮೂಲದಲ್ಲಿ ಇಲ್ಲದ್ದನ್ನು ಅದು ಬ್ಯಾಕಪ್‌ನಿಂದಲೂ ಅಳಿಸುತ್ತದೆ. ಮೂಲ, ಗುರಿ ಅದಲು ಬದಲು ಬರೆದು ಈ ಆಯ್ಕೆ ಕೊಟ್ಟರೆ ಹೊಸ ಕೆಲಸವೆಲ್ಲ ಹೋದಂತೆ. ಹಾಗಾಗಿ ಮೊದಲು ಆರ್‌ಸಿಂಕ್ -ಎ -ವಿ -ಎನ್ ಅಂತ ಓಡಿಸಿ. ಎನ್ ಇದ್ದರೆ ಏನು ಮಾಡುತ್ತೇನೆ ಅಂತ ಬರೀ ಹೇಳುತ್ತದೆ, ಮಾಡುವುದಿಲ್ಲ. ಪಟ್ಟಿ ಓದಿ, ಸರಿ ಅನ್ನಿಸಿದ ಮೇಲೆ ಎನ್ ತೆಗೆದು ಓಡಿಸಿ. ಬ್ಯಾಕಪ್ ಮುಗಿದ ಕೂಡಲೇ ಡಿಸ್ಕ್ ತೆಗೆದಿಡಿ.

ತಿಂಗಳಿಗೊಮ್ಮೆ ಆ ಡಿಸ್ಕ್‌ನಿಂದ ಯಾವುದಾದರೂ ಒಂದು ಫೈಲ್ ವಾಪಸ್ ತಂದು ತೆರೆದು ನೋಡಿ. ಸುಮ್ನೆ ಹೆಸರು ಕಂಡರೆ ಸಾಲದು, ಫೋಟೋ ಆದರೆ ಫೋಟೋ ಕಾಣಬೇಕು.

ಒಂದು ಡೈರಿ

ಹೋಮ್ ಫೋಲ್ಡರ್‌ನಲ್ಲಿ ಒಂದು ಸಾದಾ ಟೆಕ್ಸ್ಟ್ ಫೈಲ್ ಇಡಿ. ಸಿಸ್ಟಮ್‌ಗೆ ಏನೇ ಬದಲಾವಣೆ ಮಾಡಿದರೂ ಮೂರು ವಿಷಯ ಬರೆಯಿರಿ: ಏನು ಮಾಡಿದೆ, ಯಾಕೆ ಮಾಡಿದೆ, ತೆಗೆಯೋದು ಹೇಗೆ. ನನ್ನ ವೈಫೈ ಸಂಜೆ ಬೇಗ ಮುಗಿದಿದ್ದು ಇದರಿಂದಲೇ. ಡ್ರೈವರ್ ನಾನೇ ಹಾಕಿದ್ದು ಅಂತ ಅದರಲ್ಲಿ ಬರೆದಿತ್ತು, ನನಗೆ ಮರೆತೇಹೋಗಿತ್ತು. ಸೆಟ್ಟಿಂಗ್ ಫೈಲ್ ತಿದ್ದುವ ಮೊದಲು ಅದೇ ಜಾಗದಲ್ಲಿ ಇನ್ನೊಂದು ಹೆಸರಿನಲ್ಲಿ ಕಾಪಿ ಮಾಡಿಡಿ. ಆಪ್ಟ್-ಮಾರ್ಕ್ ಶೋಮ್ಯಾನ್ಯುಯಲ್ ಕೊಡುವ ಪ್ಯಾಕೇಜ್ ಪಟ್ಟಿಯನ್ನೂ ಆಗಾಗ ಇದರ ಜೊತೆ ಉಳಿಸಿ, ಹೊಸ ಕಂಪ್ಯೂಟರ್‌ಗೆ ಹೋಗುವಾಗ ಅರ್ಧ ದಿನದ ಕೆಲಸ ಉಳಿಯುತ್ತದೆ.

ದೋಷ ಸಿಕ್ಕರೆ ಮಾಡಿದವರಿಗೆ ತಿಳಿಸಿ

ಇಷ್ಟೆಲ್ಲ ರೂಢಿಯಾದ ಮೇಲೆ ಒಂದು ದಿನ ನಿಜವಾದ ದೋಷ ಸಿಗುತ್ತದೆ, ತಪ್ಪು ನಿಮ್ಮದಲ್ಲ, ಸಾಫ್ಟ್‌ವೇರ್‌ದೇ. ಸುಮ್ಮನೆ ಬಿಡಬೇಡಿ. ಮೊದಲು ಆ ಪ್ರಾಜೆಕ್ಟ್‌ನ ದೋಷಗಳ ಪಟ್ಟಿಯಲ್ಲಿ ಇದು ಈಗಾಗಲೇ ಇದೆಯಾ ಅಂತ ಹುಡುಕಿ. ಇಲ್ಲದಿದ್ದರೆ ಹೊಸದು ಬರೆಯಿರಿ. "ಕೆಲಸ ಮಾಡ್ತಿಲ್ಲ" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನೀವು ಒತ್ತಿದ್ದೇನು, ಏನಾಗಬೇಕಿತ್ತು, ಏನಾಯ್ತು, ಡಿಸ್ಟ್ರೋ ಮತ್ತು ಸಾಫ್ಟ್‌ವೇರ್‌ನ ಆವೃತ್ತಿ ಯಾವುದು, ಮತ್ತೆ ಮಾಡಿದರೆ ಮತ್ತೆ ಆಗುತ್ತಾ, ಇಷ್ಟನ್ನು ಸಣ್ಣ ಸಾಲುಗಳಲ್ಲಿ ಬರೆಯಿರಿ. ಲಾಗ್ ಅಂಟಿಸುವ ಮೊದಲು ಅದರಲ್ಲಿ ನಿಮ್ಮ ಹೆಸರು, ಪಾಸ್‌ವರ್ಡ್, ವೈಫೈ ಹೆಸರು ಇದ್ದರೆ ತೆಗೆಯಿರಿ.

ಉತ್ತರ ಬರಲು ದಿನಗಳೇ ಹಿಡಿಯಬಹುದು. ಹಲವರು ಬಿಡುವಿನ ಹೊತ್ತಿನಲ್ಲಿ ದುಡ್ಡು ತೆಗೆದುಕೊಳ್ಳದೆ ಈ ಕೆಲಸ ಮಾಡುತ್ತಿರುತ್ತಾರೆ, ಮರ್ಯಾದೆಯಿಂದ ಕಾಯೋಣ. ಹೊಸ ಆವೃತ್ತಿಯಲ್ಲೂ ಹೀಗೇ ಆಗುತ್ತಾ ಅಂತ ಅವರು ಕೇಳಿದರೆ, ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದುಕೊಂಡು ಹೊಸದನ್ನು ಹಾಕಿ ನೋಡಿ, ಕಂಡದ್ದನ್ನು ಬರೆದು ಕಳಿಸಿ.